ಸೀರಿಯಲ್ ಮೆಮೊರಿ ಚಿಪ್: ರೈಟ್ ಪ್ರೊಟೆಕ್ಟ್ ಪಿನ್ ಎಲ್ಲಿಗೆ ಕೊಡಬೇಕು, ಬಳಸದ ಪಿನ್‌ಗಳನ್ನು ಏನು ಮಾಡಬೇಕು?

ಎಂಟು ಕಾಲಿನ ಮೆಮೊರಿ ಚಿಪ್‌ನಲ್ಲಿ ದಿನನಿತ್ಯದ ಕೆಲಸಕ್ಕೆ ಬೇಕಾದ ಪಿನ್‌ಗಳು ಕಡಿಮೆ. ಐ2ಸಿ (ಎರಡು ತಂತಿಯಲ್ಲಿ ಚಿಪ್‌ಗಳು ಮಾತಾಡುವ ಪದ್ಧತಿ) ಆದರೆ ಡೇಟಾ, ಕ್ಲಾಕ್. ಎಸ್‌ಪಿಐ ಎಂಬ ಇನ್ನೊಂದು ಪದ್ಧತಿ ಆದರೆ ನಾಲ್ಕು ತಂತಿ. ಜೊತೆಗೆ ವಿಸಿಸಿ (ಸಪ್ಲೈ), ಗ್ರೌಂಡ್. ಉಳಿದ ಪಿನ್‌ಗಳನ್ನು ಬ್ರೆಡ್‌ಬೋರ್ಡ್ ಮೇಲೆ ಸುಮ್ನೆ ಖಾಲಿ ಬಿಟ್ಟರೂ ಚಿಪ್ ಕೆಲಸ ಮಾಡಿಬಿಡುತ್ತದೆ. ತೊಂದರೆ ಶುರುವಾಗುವುದು ಪಿಸಿಬಿ ಮಾಡಿಸಿ, ಪಕ್ಕದಲ್ಲಿ ಮೋಟಾರೋ ವೈಫೈಯೋ ಬಂದ ಮೇಲೆ.

ಯಾವ ಪಿನ್ ಎಲ್ಲಿಗೆ ಎಂದು ನೋಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಈ ಚಿಪ್‌ಗೆ ಯಾರು ಬರೆಯಬೇಕು, ಯಾವಾಗ ಬರೆಯಬೇಕು? ಡೇಟಾ ಲಾಗರ್ ಆದರೆ ಪ್ರತಿ ನಿಮಿಷ ಬರೆಯುತ್ತದೆ. ಸೀರಿಯಲ್ ನಂಬರ್, ಕ್ಯಾಲಿಬ್ರೇಷನ್ ಆದರೆ ಫ್ಯಾಕ್ಟರಿಯಲ್ಲಿ ಒಂದು ಸಲ ಬರೆದರೆ ಮುಗಿಯಿತು. ಫರ್ಮ್‌ವೇರ್ ಆದರೆ ವರ್ಷಕ್ಕೆ ಒಂದೆರಡು ಸಲ. ಉತ್ತರ ಸಿಕ್ಕರೆ ರೈಟ್ ಪ್ರೊಟೆಕ್ಟ್ ಪಿನ್, ಅಂದರೆ ಡಬ್ಲ್ಯೂಪಿ, ಎಲ್ಲಿಗೆ ಹೋಗಬೇಕು ಅನ್ನುವುದು ಬಹುಪಾಲು ತಾನೇ ಗೊತ್ತಾಗುತ್ತದೆ.

ಐ2ಸಿಯಲ್ಲಿ ಒಂದು ಅರ್ಥ, ಎಸ್‌ಪಿಐಯಲ್ಲಿ ಇನ್ನೊಂದು

ಎರಡೂ ಬಗೆಯ ಚಿಪ್‌ನಲ್ಲಿ ಸಾಮಾನ್ಯವಾಗಿ ಡಬ್ಲ್ಯೂಪಿ ಅಂತಲೇ ಬರೆದಿರುತ್ತಾರೆ. ಆದರೆ 24ಸಿ02, 24ಎಲ್‌ಸಿ256 ಥರದ ಐ2ಸಿ ಇಇಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಡೇಟಾ ಉಳಿಸುವ ಮೆಮೊರಿ) ಪಿನ್ ಹೈ ಆದರೆ, ಅಂದರೆ ಸಪ್ಲೈ ವೋಲ್ಟೇಜ್ ಹತ್ತಿರ ಇದ್ದರೆ, ಬರೆಯಲು ಆಗುವುದಿಲ್ಲ, ಲೋ ಆದರೆ, ಅಂದರೆ ಗ್ರೌಂಡ್ ಹತ್ತಿರ ಇದ್ದರೆ, ಬರೆಯಬಹುದು. 25ಎಲ್‌ಸಿ256, ಡಬ್ಲ್ಯೂ25ಕ್ಯೂ64 ಥರದ ಎಸ್‌ಪಿಐ ಚಿಪ್‌ನಲ್ಲಿ ಇದು ತಿರುಗುಮುರುಗು, ಲೋ ಆದಾಗಲೇ ರಕ್ಷಣೆ. ಅದೂ ಒಳಗಿನ ಒಂದು ಬಿಟ್ ಸೆಟ್ ಆಗಿದ್ದರೆ ಮಾತ್ರ. ಐ2ಸಿ ಬೋರ್ಡ್ ಮಾಡಿ ಅಭ್ಯಾಸ ಇರುವವರು ಎಸ್‌ಪಿಐ ಫ್ಲ್ಯಾಶ್‌ನ ಡಬ್ಲ್ಯೂಪಿಯನ್ನೂ ಕಣ್ಣುಮುಚ್ಚಿ ಗ್ರೌಂಡ್ ಮಾಡುತ್ತಾರೆ. ಮೊದಮೊದಲು ಎಲ್ಲ ಸರಿಯಾಗಿಯೇ ಇರುತ್ತದೆ. ಮುಂದೆ ಯಾವುದೋ ಸಾಫ್ಟ್‌ವೇರ್ ಆ ಬಿಟ್ ಸೆಟ್ ಮಾಡಿದ ದಿನ ಸ್ಟೇಟಸ್ ರಿಜಿಸ್ಟರ್‌ಗೆ, ಅಂದರೆ ಚಿಪ್‌ನ ಸೆಟಿಂಗ್ ಬಿಟ್‌ಗಳು ಇರುವ ಜಾಗಕ್ಕೆ, ಬೀಗ ಬೀಳುತ್ತದೆ. ತೆಗೆಯಬೇಕಾದರೆ ಟ್ರ್ಯಾಕ್ ಕತ್ತರಿಸಬೇಕು.

ಐ2ಸಿ ಇಇಪ್ರಾಮ್: ಡಬ್ಲ್ಯೂಪಿಗೆ ಇರುವ ದಾರಿಗಳು

ಖಾಲಿ ಬಿಡುವುದು ಮೊದಲನೆಯ ದಾರಿ, ಎಲ್ಲಕ್ಕಿಂತ ಕೆಟ್ಟದ್ದು. ಎಟಿ24ಸಿ ಸರಣಿ, ಎಸ್‌ಟಿಯ ಎಂ24ಸಿ ಸರಣಿ ಎರಡರಲ್ಲೂ ಒಳಗೆ ಪುಲ್-ಡೌನ್, ಅಂದರೆ ಪಿನ್ ಅನ್ನು ಗ್ರೌಂಡ್ ಕಡೆಗೆ ಎಳೆಯುವ ರೆಸಿಸ್ಟರ್, ಇದೆ. ಖಾಲಿ ಬಿಟ್ಟರೆ ಪಿನ್ ಲೋ ಎಂದೇ ಓದಿಕೊಳ್ಳುತ್ತದೆ, ಬರೆಯಲು ಆಗುತ್ತದೆ. ಹಾಗಂತ ನಂಬಿ ಕೂರುವಂತಿಲ್ಲ. ಪಕ್ಕದ ಟ್ರ್ಯಾಕ್‌ನ ಸಿಗ್ನಲ್ ಇದಕ್ಕೆ ಹಾರಬಹುದು, ಪಿನ್ ಅನ್ನು ಒಂದು ಕಡೆಗೆ ಕೊಡಿ ಎಂದು ಎಟಿ24ಸಿ ಡೇಟಾಶೀಟೇ ಹೇಳುತ್ತದೆ. ಅದೂ ಅಲ್ಲದೆ ಎಲ್ಲ ಕಂಪನಿಯ ಚಿಪ್‌ನಲ್ಲೂ ಈ ಪುಲ್-ಡೌನ್ ಇರುತ್ತದೆ ಎನ್ನುವಂತಿಲ್ಲ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ 24ಸಿ02 ಕೇಳಿದರೆ ಈ ವಾರ ಒಂದು ಕಂಪನಿಯದ್ದು, ಮುಂದಿನ ವಾರ ಇನ್ನೊಂದರದ್ದು ಕೊಡುತ್ತಾರೆ. ನಂಬರ್ ಒಂದೇ ಇದ್ದರೂ ಒಳಗಿನ ಸರ್ಕ್ಯೂಟ್ ಒಂದೇ ಇರಬೇಕೆಂದಿಲ್ಲ.

ಎರಡನೆಯದು ನೇರ ಗ್ರೌಂಡ್. ಲಾಗರ್, ಸೆಟಿಂಗ್ಸ್ ಉಳಿಸುವ ಸಾಧನಗಳಿಗೆ ಇದು ಸಾಕು. ರೆಸಿಸ್ಟರ್ ಬೇಡ, ಜಿಪಿಐಒ (ಮೈಕ್ರೋಕಂಟ್ರೋಲರ್ ಏರಿಸಿ ಇಳಿಸುವ ಪಿನ್) ಬೇಡ. ಬೋರ್ಡ್‌ನಲ್ಲಿ ಬರೆಯುವುದೇ ಮುಖ್ಯ ಕೆಲಸ ಆಗಿದ್ದರೆ ಡಬ್ಲ್ಯೂಪಿಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಮೂರನೆಯದು ನೇರ ವಿಸಿಸಿ. ಚಿಪ್ ಅನ್ನು ಬೋರ್ಡ್‌ಗೆ ಹಾಕುವ ಮೊದಲೇ ಪ್ರೋಗ್ರಾಮ್ ಮಾಡಿಸಿ ತರುತ್ತೀರಿ ಎಂದಾದರೆ ಮಾತ್ರ ಇದು ಸರಿ. ಆಮೇಲೆ ಒಂದು ಬೈಟ್ ತಿದ್ದಬೇಕಾದರೂ ಸೋಲ್ಡರಿಂಗ್ ಐರನ್ ಬೇಕು. ಡೇಟಾ ಬದಲಾಗುವುದೇ ಇಲ್ಲ ಎಂದು ಮೊದಲ ದಿನ ಎಲ್ಲರೂ ಹೇಳುತ್ತಾರೆ. ನಾನು ಆ ಮಾತನ್ನು ನಂಬುವುದಿಲ್ಲ.

ನಾಲ್ಕನೆಯದು ನನಗೆ ಇಷ್ಟವಾದದ್ದು. ಡಬ್ಲ್ಯೂಪಿಯನ್ನು ಪುಲ್-ಅಪ್ ರೆಸಿಸ್ಟರ್ ಮೂಲಕ ವಿಸಿಸಿಗೆ ಕೊಟ್ಟು, ಪಕ್ಕದಲ್ಲಿ ಒಂದು ಟೆಸ್ಟ್ ಪ್ಯಾಡ್ ಇಡುವುದು. ಫ್ಯಾಕ್ಟರಿಯ ಟೆಸ್ಟ್ ಜಿಗ್‌ನ ಪಿನ್ ಆ ಪ್ಯಾಡ್ ಅನ್ನು ಗ್ರೌಂಡ್‌ಗೆ ಎಳೆದಾಗ ಮಾತ್ರ ಬರೆಯಲು ಆಗುತ್ತದೆ. ಜಿಗ್‌ನಿಂದ ತೆಗೆದ ಕೂಡಲೇ ಚಿಪ್ ಓದಲಿಕ್ಕೆ ಮಾತ್ರ. ರಾಸ್ಪ್‌ಬೆರಿ ಪೈ ಮೇಲೆ ಕೂರುವ ಹ್ಯಾಟ್ ಬೋರ್ಡ್‌ಗಳ ಗುರುತಿನ ಇಇಪ್ರಾಮ್ ಸಾಮಾನ್ಯವಾಗಿ ಹೀಗೇ ಇರುತ್ತದೆ. ಜಂಪರ್ ಹಾಕಿದರೆ ಬರೆಯಬಹುದು, ತೆಗೆದರೆ ಇಲ್ಲ. ಡಬ್ಲ್ಯೂಪಿ ಪಿನ್ ಇರಲೇಬೇಕು, ಅದು ಪೂರ್ತಿ ಮೆಮೊರಿಯನ್ನು ಕಾಯಬೇಕು ಎಂದು ಹ್ಯಾಟ್ ನಿಯಮದಲ್ಲೇ ಇದೆ. ಆ ನಿಯಮ ಸುಮ್ನೆ ಬಂದಿಲ್ಲ. ಹಳೆಯ ಎಟಿ24ಸಿ16ರಲ್ಲಿ ಡಬ್ಲ್ಯೂಪಿ ಹೈ ಮಾಡಿದರೂ ಮೇಲಿನ ಅರ್ಧಕ್ಕಷ್ಟೇ ರಕ್ಷಣೆ ಸಿಗುತ್ತಿತ್ತು. ಹಳೆಯ ಸ್ಟಾಕ್ ಬಳಸುವವರು ಇದನ್ನು ಡೇಟಾಶೀಟ್‌ನಲ್ಲಿ ನೋಡಿಕೊಳ್ಳಲೇಬೇಕು.

ಐದನೆಯದು ಪುಲ್-ಅಪ್ ಜೊತೆಗೆ ಜಿಪಿಐಒ. ಸಾಮಾನ್ಯವಾಗಿ ಪಿನ್ ಹೈ ಇರುತ್ತದೆ. ಬರೆಯುವಾಗ ಮಾತ್ರ ಮೈಕ್ರೋಕಂಟ್ರೋಲರ್ ಅದನ್ನು ಲೋ ಮಾಡಿ, ಮುಗಿದ ಮೇಲೆ ಮತ್ತೆ ಹೈ ಮಾಡುತ್ತದೆ. ಇಲ್ಲಿ ರೆಸಿಸ್ಟರ್ ಬಿಟ್ಟರೆ ಇಡೀ ಉಪಾಯ ದಂಡ. ರೀಸೆಟ್ ಸಮಯದಲ್ಲಿ ಜಿಪಿಐಒ ಪಿನ್ ಸಾಮಾನ್ಯವಾಗಿ ಯಾವ ಕಡೆಗೂ ಎಳೆಯುವುದಿಲ್ಲ. ಆಗ ಚಿಪ್‌ನ ಒಳಗಿನ ಪುಲ್-ಡೌನ್ ಡಬ್ಲ್ಯೂಪಿಯನ್ನು ಲೋ ಮಾಡಿ ಬಾಗಿಲು ತೆರೆದುಬಿಡುತ್ತದೆ. ರಕ್ಷಣೆ ಜಾಸ್ತಿ ಬೇಕಾದದ್ದೇ ಆ ಹೊತ್ತಿನಲ್ಲಿ, ಅಲ್ವಾ? ಲಿನಕ್ಸ್ ಬೋರ್ಡ್ ಆದರೆ ಇದಕ್ಕೆ ಕೋಡ್ ಬರೆಯುವ ಕೆಲಸವೂ ಇಲ್ಲ. ಡಿವೈಸ್ ಟ್ರೀಯಲ್ಲಿ, ಅಂದರೆ ಬೋರ್ಡ್‌ನ ಹಾರ್ಡ್‌ವೇರ್ ವಿವರಿಸುವ ಫೈಲ್‌ನಲ್ಲಿ, ಡಬ್ಲ್ಯೂಪಿಯ ಜಿಪಿಐಒ ಯಾವುದು ಎಂದು ಹೇಳಿದರೆ ಡ್ರೈವರ್ ತಾನೇ ಇಳಿಸಿ ಏರಿಸುತ್ತದೆ.

ನಾಲ್ಕಕ್ಕೂ ಐದಕ್ಕೂ ಇರುವ ವ್ಯತ್ಯಾಸ ಮರೆಯಬೇಡಿ. ಜಿಪಿಐಒ ದಾರಿ ಅಕಸ್ಮಾತ್ ಬರಹವನ್ನು ತಡೆಯುತ್ತದೆ, ಬೇಕಂತಲೇ ಬರೆಯುವವರನ್ನು ತಡೆಯುವುದಿಲ್ಲ. ಸಾಫ್ಟ್‌ವೇರ್ ಕೈಗೆ ಸಿಕ್ಕವನಿಗೆ ಆ ಜಿಪಿಐಒ ಕೂಡ ಸಿಕ್ಕಿರುತ್ತದೆ.

ಅಕಸ್ಮಾತ್ ಬರಹ ಎಂದರೆ ಏನು ಮಹಾ ಅನ್ನಿಸಬಹುದು. ಹಿಂದೆ ಐಬಿಎಂ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳಲ್ಲಿ 24ಆರ್‌ಎಫ್08 ಎಂಬ ಇಇಪ್ರಾಮ್ ಇತ್ತು. ಲಿನಕ್ಸ್‌ನ ಸೆನ್ಸರ್ ಹುಡುಕುವ ಪ್ರೋಗ್ರಾಂ ಬಸ್ (ಚಿಪ್‌ಗಳು ಹಂಚಿಕೊಳ್ಳುವ ತಂತಿಗಳು) ಮೇಲೆ ಯಾರ್‍ಯಾರು ಇದ್ದಾರೆ ಎಂದು ತಟ್ಟಿ ನೋಡಿದ್ದಕ್ಕೇ ಆ ಚಿಪ್‌ನಲ್ಲಿದ್ದ ಡೇಟಾ ಕೆಟ್ಟು, ಯಂತ್ರಗಳು ಬೂಟ್ ಆಗದೆ ಕೂತವು. ಡೇಟಾ ಅಳಿಸಬೇಕೆಂದು ಯಾರೂ ಹೊರಟಿರಲಿಲ್ಲ.

ಪುಲ್-ಅಪ್ ಎಷ್ಟು? ಇಲ್ಲೊಂದು ಲೆಕ್ಕ ಇದೆ

ಕರೆಂಟ್ ಉಳಿಸಬೇಕೆಂದು 100 ಕಿಲೋಓಮ್ ಹಾಕುವವರು ತುಂಬ ಜನ. ಒಳಗೆ ಪುಲ್-ಡೌನ್ ಇರುವ ಐ2ಸಿ ಚಿಪ್‌ಗೆ ಅದು ಅಪಾಯ. ಎಂ24ಸಿ ಸರಣಿಯಲ್ಲಿ ಪಿನ್ ಲೋ ಮಟ್ಟದಲ್ಲಿ ಇರುವಾಗ ಒಳಗಿನ ಪ್ರತಿರೋಧ ಕನಿಷ್ಠ 30 ಕಿಲೋಓಮ್ ವರೆಗೆ ಇಳಿಯಬಹುದು. ಹೊರಗೆ 100 ಕಿಲೋಓಮ್, ಒಳಗೆ 30, ಸಪ್ಲೈ 3.3 ವೋಲ್ಟ್. ಭಾಗಿಸಿ ನೋಡಿದರೆ ಪಿನ್ ಮೇಲೆ ಸುಮಾರು 0.76 ವೋಲ್ಟ್. ಲೋ ಎಂದು ಓದುವ ಮಿತಿ ಸಪ್ಲೈಯ 0.3 ಪಟ್ಟು, ಅಂದರೆ 0.99 ವೋಲ್ಟ್. ನೀವು ಹೈ ಮಾಡಿದ್ದೇನೆ ಅಂದುಕೊಂಡಿದ್ದೀರಿ, ಚಿಪ್ ಅದನ್ನು ಲೋ ಎಂದೇ ಓದುತ್ತಿದೆ. ರಕ್ಷಣೆ ಇಲ್ಲವೇ ಇಲ್ಲ.

10 ಕಿಲೋಓಮ್ ಹಾಕಿದರೆ ಸುಮಾರು 2.48 ವೋಲ್ಟ್ ಬರುತ್ತದೆ. ಹೈ ಎಂದು ಓದಲು 2.31 ಬೇಕು. ದಾಟಿತು, ಆದರೆ ಸ್ವಲ್ಪದರಲ್ಲಿ. 4.7 ಕಿಲೋಓಮ್‌ಗೆ 2.85 ವೋಲ್ಟ್, ನೆಮ್ಮದಿ. ಪಿನ್ ಒಂದು ಸಲ ಹೈ ಮಟ್ಟ ದಾಟಿದರೆ ಒಳಗಿನ ಪ್ರತಿರೋಧ 500 ಕಿಲೋಓಮ್‌ಗೂ ಮೇಲೆ ಹೋಗುತ್ತದೆ, ಹಾಗಾಗಿ ಆಮೇಲೆ ತೊಂದರೆ ಇಲ್ಲ. ದಾಟಿಸುವುದೇ ಕಷ್ಟ. ಎಟಿ24ಸಿ ಡೇಟಾಶೀಟ್ ಕೂಡ 10 ಕಿಲೋಓಮ್ ಅಥವಾ ಅದಕ್ಕಿಂತ ಕಡಿಮೆ ಎನ್ನುತ್ತದೆ.

ಬ್ಯಾಟರಿ ಚಿಂತೆ ಇದ್ದರೆ ಇದನ್ನೂ ನೋಡಿ. 4.7 ಕಿಲೋಓಮ್ ಮೂಲಕ ಜಿಪಿಐಒ ಲೋ ಎಳೆದಾಗ ಹರಿಯುವುದು 0.7 ಮಿಲಿಆಂಪ್. ಅದೂ ಬರೆಯುವ ಕೆಲವು ಮಿಲಿಸೆಕೆಂಡ್ ಮಾತ್ರ. ಉಳಿದ ಹೊತ್ತು ಪಿನ್ ಹೈ ಇರುವುದರಿಂದ ಖರ್ಚು ಹೆಚ್ಚುಕಡಿಮೆ ಸೊನ್ನೆ. 100 ಕಿಲೋಓಮ್ ಹಾಕಿ ಉಳಿಸುವಂಥದ್ದು ಏನೂ ಇಲ್ಲ.

ರಕ್ಷಣೆ ಇದ್ದಾಗ ಬರೆಯಲು ಹೋದರೆ

ಇಲ್ಲಿ ಕಂಪನಿಗಳ ನಡತೆ ಬೇರೆ ಬೇರೆ. 24ಎಲ್‌ಸಿ256ಕ್ಕೆ ಡಬ್ಲ್ಯೂಪಿ ಹೈ ಇದ್ದಾಗ ಬರೆಯಲು ಕಳಿಸಿದರೆ ಅದು ಪ್ರತಿ ಬೈಟ್‌ಗೂ ಸರಿ ಸರಿ ಎಂದು ಎಸಿಕೆ (ತಲುಪಿತು ಎಂಬ ಉತ್ತರ) ಕೊಡುತ್ತದೆ. ಒಳಗೆ ಮಾತ್ರ ಏನನ್ನೂ ಬರೆಯುವುದಿಲ್ಲ. ಎಂ24ಸಿ ಹಾಗಲ್ಲ. ವಿಳಾಸದ ಬೈಟ್‌ಗಳಿಗೆ ಎಸಿಕೆ ಕೊಟ್ಟು, ಡೇಟಾ ಬೈಟ್‌ಗೆ ಕೊಡುವುದಿಲ್ಲ. ಆದ್ದರಿಂದ ಎಸಿಕೆ ಬಂತು ಎಂದು ಸಾಫ್ಟ್‌ವೇರ್ ಖುಷಿ ಪಡುವಂತಿಲ್ಲ. ಬರೆದದ್ದನ್ನು ಮತ್ತೆ ಓದಿ ಹೋಲಿಸಲೇಬೇಕು.

ದೋಷ ಹುಡುಕುವಾಗ ಒಂದು ಸುಳಿವು ತುಂಬ ಉಪಯೋಗಕ್ಕೆ ಬರುತ್ತದೆ. ನಿಜವಾಗಿ ಬರೆಯುತ್ತಿರುವ ಚಿಪ್, ಸ್ಟಾಪ್ (ಸಂದೇಶ ಮುಗಿಯಿತು ಎಂಬ ಸಿಗ್ನಲ್) ಆದ ಮೇಲೆ 5 ಮಿಲಿಸೆಕೆಂಡ್ ವರೆಗೂ ಕರೆದರೆ ಓಗೊಡುವುದಿಲ್ಲ. ಸ್ಟಾಪ್ ಆದ ತಕ್ಷಣವೇ ಎಸಿಕೆ ಬಂದರೆ ಬರಹ ಶುರುವೇ ಆಗಿಲ್ಲ ಎಂದರ್ಥ. ಮಲ್ಟಿಮೀಟರ್ ತೆಗೆದು ಏಳನೇ ಪಿನ್, ಅಂದರೆ ಡಬ್ಲ್ಯೂಪಿ, ನೋಡಿ.

ಡಬ್ಲ್ಯೂಪಿಯನ್ನು 24ಎಲ್‌ಸಿ256 ನೋಡುವುದು ಸ್ಟಾಪ್ ಆಗುವ ಕ್ಷಣದಲ್ಲಿ. ಒಳಗೆ ಬರಹ ಶುರುವಾದ ಮೇಲೆ ಪಿನ್ ಏರಿಸಿದರೆ ಅದು ನಿಲ್ಲುವುದಿಲ್ಲ. ಹಾಗಾಗಿ ಬರೆಯುವ ಮಧ್ಯೆ ಕರೆಂಟ್ ಹೋದರೆ ಡಬ್ಲ್ಯೂಪಿ ಏನೂ ಕಾಪಾಡುವುದಿಲ್ಲ. ಅದಕ್ಕೆ ಆ 5 ಮಿಲಿಸೆಕೆಂಡ್ ಸಪ್ಲೈ ಹಿಡಿದಿಡುವ ಕೆಪಾಸಿಟರ್ ಬೇಕು, ಬ್ರೌನ್-ಔಟ್ ರೀಸೆಟ್ (ಸಪ್ಲೈ ಕುಸಿದರೆ ಕಂಟ್ರೋಲರ್ ನಿಲ್ಲಿಸುವ ವ್ಯವಸ್ಥೆ) ಆನ್ ಆಗಿರಬೇಕು.

ಎ0, ಎ1, ಎ2

ಐ2ಸಿ ಚಿಪ್‌ಗೆ ಬಸ್ ಮೇಲಿನ ವಿಳಾಸ ಕೊಡುವ ಈ ಪಿನ್‌ಗಳು ಯಾವತ್ತೂ ಇನ್‌ಪುಟ್ ಮಾತ್ರ. ಅವು ಹೊರಗೆ ಏನನ್ನೂ ಎಳೆಯುವುದಿಲ್ಲ, ಹಾಗಾಗಿ ನೇರ ಗ್ರೌಂಡ್‌ಗೋ ವಿಸಿಸಿಗೋ ಕೊಡಬಹುದು, ರೆಸಿಸ್ಟರ್ ಬೇಡ. ಮೂರೂ ಗ್ರೌಂಡ್ ಆದರೆ ವಿಳಾಸ ಹೆಕ್ಸ್ 50, ಮೂರೂ ಹೈ ಆದರೆ ಹೆಕ್ಸ್ 57. ಡಿಎಸ್3231 ಗಡಿಯಾರದ ಅಗ್ಗದ ಮಾಡ್ಯೂಲ್ ಮೇಲಿರುವ 24ಸಿ32 ಹೆಕ್ಸ್ 57ರಲ್ಲಿ ಸಿಗುವುದು ಇದಕ್ಕೇ, ಅಲ್ಲಿ ಮೂರಕ್ಕೂ ಪುಲ್-ಅಪ್ ಹಾಕಿದ್ದಾರೆ. ಜಂಪರ್‌ನಲ್ಲಿ ವಿಳಾಸ ಬದಲಿಸಲು ಅನುಕೂಲ ಎಂದು ರೆಸಿಸ್ಟರ್, ಅಷ್ಟೇ.

24ಸಿ16ರಲ್ಲಿ ಈ ಮೂರೂ ಪಿನ್ ಒಳಗೆ ಎಲ್ಲಿಗೂ ಸೇರಿಲ್ಲ. ಅದು ಹೆಕ್ಸ್ 50ರಿಂದ 57ರವರೆಗಿನ ಎಂಟೂ ವಿಳಾಸವನ್ನು ತಾನೇ ನುಂಗುತ್ತದೆ. ಅದೇ ಬಸ್ ಮೇಲೆ ಇನ್ನೊಂದು ಇಇಪ್ರಾಮ್ ಇಡುವ ಯೋಚನೆ ಇದ್ದರೆ 24ಸಿ16 ಬೇಡ, 24ಸಿ32ಕ್ಕೆ ಹೋಗಿ. ಸಾಫ್ಟ್‌ವೇರ್‌ನಲ್ಲಿ ಮೆಮೊರಿಯ ಒಳಗಿನ ವಿಳಾಸ ಎರಡು ಬೈಟ್ ಆಗುತ್ತದೆ ಎಂಬುದು ನೆನಪಿರಲಿ. ಏನೇ ಆದರೂ ಆ ಮೂರು ಪಿನ್ ಗ್ರೌಂಡ್ ಮಾಡಿಬಿಡಿ. ನಾಳೆ ಅದೇ ಜಾಗಕ್ಕೆ ಬೇರೆ ಚಿಪ್ ಬಂದರೂ ವಿಳಾಸ ಅಲ್ಲಾಡುವುದಿಲ್ಲ.

ಎಸ್‌ಪಿಐ: ಬೀಗಕ್ಕೊಂದು ಬೀಗ

ಎಸ್‌ಪಿಐಯಲ್ಲಿ ಡಬ್ಲ್ಯೂಪಿ ಡೇಟಾವನ್ನು ನೇರವಾಗಿ ಕಾಯುವುದಿಲ್ಲ. ಡೇಟಾ ಕಾಯುವುದು ಸ್ಟೇಟಸ್ ರಿಜಿಸ್ಟರ್‌ನ ಬಿಪಿ (ಬ್ಲಾಕ್ ಪ್ರೊಟೆಕ್ಟ್) ಬಿಟ್‌ಗಳು. ಡಬ್ಲ್ಯೂಪಿ ಕಾಯುವುದು ಆ ಬಿಟ್‌ಗಳನ್ನು. ಬೀರುವಿಗೆ ಬೀಗ ಹಾಕಿ, ಕೀಲಿಕೈ ಇಟ್ಟ ಡಬ್ಬಿಗೆ ಇನ್ನೊಂದು ಬೀಗ ಹಾಕಿದ ಹಾಗೆ. 25ಎಲ್‌ಸಿ256ರಲ್ಲಿ ಡಬ್ಲ್ಯೂಪಿಇಎನ್ ಬಿಟ್ 1 ಇದ್ದು, ಪಿನ್ ಲೋ ಇದ್ದರೆ ಮಾತ್ರ ಈ ಎರಡನೇ ಬೀಗ ಬೀಳುತ್ತದೆ. ಡಬ್ಲ್ಯೂ25ಕ್ಯೂ ಫ್ಲ್ಯಾಶ್‌ನಲ್ಲಿ ಅದೇ ಕೆಲಸ ಎಸ್‌ಆರ್‌ಪಿ0 ಬಿಟ್‌ನದ್ದು. ಬಿಟ್ ಸೆಟ್ ಮಾಡದೆ ಪಿನ್ ಗ್ರೌಂಡ್ ಮಾಡಿದರೆ ರಕ್ಷಣೆ ಇದೆ ಎಂಬ ಭ್ರಮೆ ಮಾತ್ರ ಸಿಗುತ್ತದೆ.

25ಎಲ್‌ಸಿ040 ಥರದ ಚಿಕ್ಕ ಚಿಪ್‌ಗಳ ಕಥೆ ಬೇರೆ. ಅಲ್ಲಿ ಡಬ್ಲ್ಯೂಪಿ ಲೋ ಆದರೆ ಬರೆಯುವುದೆಲ್ಲ ಬಂದ್. ಬಿಟ್ ಗಿಟ್ ಏನೂ ಇಲ್ಲ. ಅದೇ ಕುಟುಂಬದ ದೊಡ್ಡ ಚಿಪ್‌ಗೆ ಬದಲಾಯಿಸುವವರು ಇಲ್ಲೇ ಎಡವುತ್ತಾರೆ.

ನಿಜವಾದ ರಕ್ಷಣೆ ಬೇಕಾದರೆ ಅನುಕ್ರಮ ಹೀಗೆ: ಪಿನ್ ಹೈ ಇಟ್ಟು ಡೇಟಾ ಬರೆಯಿರಿ, ಬಿಪಿ ಬಿಟ್ ಹಾಕಿ, ಬೀಗದ ಬಿಟ್ ಹಾಕಿ, ಆಮೇಲೆ ಪಿನ್ ಲೋ ಮಾಡಿ. ರಾಸ್ಪ್‌ಬೆರಿ ಪೈ 4ರ ಬೂಟ್ ಇಇಪ್ರಾಮ್‌ನಲ್ಲಿ ಇದು ಕಣ್ಣಿಗೆ ಕಾಣುವಂತಿದೆ. ಕಾನ್ಫಿಗ್ ಫೈಲ್‌ನಲ್ಲಿ ರಕ್ಷಣೆಯ ಸೆಟಿಂಗ್ ಹಾಕಬೇಕು, ಜೊತೆಗೆ ಬೋರ್ಡ್ ಮೇಲಿನ ಟಿಪಿ5 ಪ್ಯಾಡ್ ಗ್ರೌಂಡ್ ಮಾಡಬೇಕು. ಒಂದು ಮಾಡಿ ಇನ್ನೊಂದು ಬಿಟ್ಟರೆ ಅರ್ಧ ಕೆಲಸ. ಹಳೆಯ ಕ್ರೋಮ್‌ಬುಕ್‌ಗಳು ಇದನ್ನು ಒಂದು ಸ್ಕ್ರೂನಲ್ಲಿ ಮಾಡಿದ್ದವು. ಮದರ್‌ಬೋರ್ಡ್ ಮೇಲಿನ ಆ ಸ್ಕ್ರೂ ಡಬ್ಲ್ಯೂಪಿಯನ್ನು ಗ್ರೌಂಡ್‌ಗೆ ಸೇರಿಸುತ್ತಿತ್ತು. ಫರ್ಮ್‌ವೇರ್ ಬದಲಿಸಬೇಕಾದವರು ಮುಚ್ಚಳ ತೆಗೆದು ಅದನ್ನು ಬಿಚ್ಚಬೇಕಿತ್ತು. ದೂರದಿಂದ ಯಾವ ವೈರಸ್ಸೂ ಸ್ಕ್ರೂ ಬಿಚ್ಚಲಾರದು. 2018ರಲ್ಲಿ ಇಸೆಟ್ ಕಂಪನಿ ಬಯಲಿಗೆ ತಂದ ಲೋಜ್ಯಾಕ್ಸ್ ಎಂಬ ಮಾಲ್‌ವೇರ್ ಕಂಪ್ಯೂಟರ್‌ನ ಎಸ್‌ಪಿಐ ಫ್ಲ್ಯಾಶ್‌ಗೇ ತನ್ನನ್ನು ಬರೆದುಕೊಳ್ಳುತ್ತಿತ್ತು. ಸಾಫ್ಟ್‌ವೇರ್ ಬೀಗಗಳು ಸಡಿಲ ಇದ್ದ ಕಡೆ ಅದಕ್ಕೆ ದಾರಿ ಸಿಗುತ್ತಿತ್ತು.

ಹೋಲ್ಡ್ ಮತ್ತು ಕ್ವಾಡ್: ರೆಸಿಸ್ಟರ್ ಯಾಕೆ ಬೇಕು

ಎಸ್‌ಪಿಐ ಚಿಪ್‌ನ ಹೋಲ್ಡ್ ಪಿನ್ ಲೋ ಆದರೆ ಚಿಪ್ ಮಾತಿನ ಮಧ್ಯೆ ನಿಂತುಬಿಡುತ್ತದೆ. ಬಹುತೇಕ ಯಾರೂ ಇದನ್ನು ಬಳಸುವುದಿಲ್ಲ. ಇದಕ್ಕೊಂದು ಜಿಪಿಐಒ ಖರ್ಚು ಮಾಡಬೇಡಿ. ಆದರೆ ಖಾಲಿ ಬಿಟ್ಟರೆ ಚಿಪ್‌ನ ಐಡಿ ಸರಿಯಾಗಿ ಬಂದು, ಡೇಟಾ ಓದುವಾಗ ನಡುನಡುವೆ ಎಲ್ಲ ಎಫ್ಎಫ್ ಬರುವಂಥ ಕಾಟ ಶುರುವಾಗುತ್ತದೆ. ಹೈ ಮಾಡಲೇಬೇಕು.

ನೇರ ವಿಸಿಸಿಗೋ, ರೆಸಿಸ್ಟರ್ ಮೂಲಕವೋ? 25ಎಲ್‌ಸಿ256ಕ್ಕೆ ನೇರ ಕೊಟ್ಟರೆ ತೊಂದರೆ ಇಲ್ಲ, ಅದು ಇನ್‌ಪುಟ್ ಮಾತ್ರ. ಡಬ್ಲ್ಯೂ25ಕ್ಯೂ ಥರದ ಕ್ವಾಡ್ ಫ್ಲ್ಯಾಶ್‌ನಲ್ಲಿ, ಅಂದರೆ ನಾಲ್ಕು ಡೇಟಾ ತಂತಿಯಲ್ಲಿ ಓದಬಲ್ಲ ಚಿಪ್‌ನಲ್ಲಿ, ಹಾಗಲ್ಲ. ಕ್ವಾಡ್ ಆನ್ ಮಾಡುವ ಕ್ಯೂಇ ಬಿಟ್ 1 ಆದರೆ ಡಬ್ಲ್ಯೂಪಿ ಐಒ2 ಎಂಬ ಡೇಟಾ ತಂತಿ ಆಗುತ್ತದೆ, ಹೋಲ್ಡ್ ಐಒ3 ಆಗುತ್ತದೆ. ಕ್ವಾಡ್ ರೀಡ್ ಹೊತ್ತಿನಲ್ಲಿ ಇವು ಔಟ್‌ಪುಟ್. ನೇರ ವಿಸಿಸಿಗೆ ಸೇರಿದ ಪಿನ್ ಅನ್ನು ಚಿಪ್ ಲೋ ಎಳೆಯಲು ಹೋದರೆ ಶಾರ್ಟ್. ಈ ಪಿನ್‌ಗಳು ನೇರ ಸಪ್ಲೈಗೆ ಸೇರಿದ್ದರೆ ಕ್ಯೂಇ ಬಿಟ್ ಯಾವತ್ತೂ ಹಾಕಬೇಡಿ ಎಂದು ವಿನ್‌ಬಾಂಡ್ ಡೇಟಾಶೀಟ್ ಎಚ್ಚರಿಸುತ್ತದೆ. ನಾನು ಕ್ವಾಡ್ ಬಳಸಲ್ಲ ಎನ್ನಬಹುದು. ಆದರೆ ಕೆಲವು ಭಾಗಗಳು ಫ್ಯಾಕ್ಟರಿಯಿಂದಲೇ ಕ್ಯೂಇ 1 ಆಗಿ ಬರುತ್ತವೆ. ಆರ್ಡರ್ ನಂಬರ್‌ನ ಕೊನೆಯ ಅಕ್ಷರ ನೋಡಿ. ಡಬ್ಲ್ಯೂ25ಕ್ಯೂ128ಜೆವಿಯಲ್ಲಿ ಐಕ್ಯೂ ಎಂದರೆ ಕ್ಯೂಇ 1, ಐಎಂ ಎಂದರೆ 0. ಕ್ಯೂಇ 1 ಇರುವ ಚಿಪ್‌ನಲ್ಲಿ ಡಬ್ಲ್ಯೂಪಿ ಪಿನ್‌ನ ಬೀಗವೂ ಇಲ್ಲ. ಹಾರ್ಡ್‌ವೇರ್ ರಕ್ಷಣೆ ಬೇಕಾದವರು ಐಎಂ ಭಾಗವನ್ನೇ ತರಿಸಬೇಕು.

ಡಬ್ಲ್ಯೂಪಿ, ಹೋಲ್ಡ್ ಎರಡಕ್ಕೂ ಒಂದೊಂದು 10 ಕಿಲೋಓಮ್ ಪುಲ್-ಅಪ್ ಹಾಕಿ. ಒಂದು ರೆಸಿಸ್ಟರ್ ಉಳಿಸಲೆಂದು ಎರಡೂ ಪಿನ್ ಸೇರಿಸಿ ಒಂದೇ ಪುಲ್-ಅಪ್ ಕೊಡುವವರಿದ್ದಾರೆ. ಕ್ವಾಡ್ ಆದಾಗ ಐಒ2 ಮತ್ತು ಐಒ3 ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೆಲವು ಪೈಸೆಗಾಗಿ ಇದು ಬೇಡ. ಚಿಪ್ ಸೆಲೆಕ್ಟ್‌ಗೂ ಒಂದು ಪುಲ್-ಅಪ್ ಇರಲಿ, ಕಂಟ್ರೋಲರ್ ಎಚ್ಚರವಾಗುವ ಮೊದಲು ಚಿಪ್ ಸುಮ್ಮನಿರಲು.

ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬಳಸುವವರಿಗೆ ಇದೇ ವಿಷಯ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಜಿಪಿಐಒ 9, 10 ಫ್ಲ್ಯಾಶ್‌ನ ಈ ಎರಡು ಪಿನ್‌ಗೇ ಹೋಗುತ್ತವೆ. ಕ್ಯೂಐಒ, ಅಂದರೆ ಕ್ವಾಡ್, ಮೋಡ್‌ನಲ್ಲಿ ಇವನ್ನು ಬೇರೆ ಕೆಲಸಕ್ಕೆ ತೆಗೆದುಕೊಂಡರೆ ಬೋರ್ಡ್ ಕ್ರ್ಯಾಶ್ ಆಗುತ್ತದೆ.

ಉಳಿದ ಚಿಲ್ಲರೆ ಪಿನ್‌ಗಳು

93ಸಿ46 ಎಂಬ ಸೀರಿಯಲ್ ಇಇಪ್ರಾಮ್‌ನಲ್ಲಿ ಒಆರ್‌ಜಿ ಎಂಬ ಪಿನ್ ಇದೆ. ಹೈ ಆದರೆ ಮೆಮೊರಿ 16 ಬಿಟ್ ಅಗಲ, ಗ್ರೌಂಡ್ ಆದರೆ 8 ಬಿಟ್. ಖಾಲಿ ಬಿಟ್ಟರೆ ಎಟಿ93ಸಿ46 ಒಳಗಿನ 1 ಮೆಗಾಓಮ್ ಪುಲ್-ಅಪ್ ನಂಬಿ 16 ಬಿಟ್ ಎಂದುಕೊಳ್ಳುತ್ತದೆ. ಒಂದು ಮೆಗಾಓಮ್ ಎಂದರೆ ಬೋರ್ಡ್ ಮೇಲಿನ ಫ್ಲಕ್ಸ್ ಕೊಳೆಯೂ ಸೋಲಿಸಬಲ್ಲಷ್ಟು ದುರ್ಬಲ. ಅಗಲ ತಪ್ಪಿದರೆ ವಿಳಾಸದ ಬಿಟ್‌ಗಳ ಎಣಿಕೆಯೇ ತಪ್ಪಿ ಎಲ್ಲ ಕಲಸುಮೇಲೋಗರ. ನೇರ ವಿಸಿಸಿಗೋ ಗ್ರೌಂಡ್‌ಗೋ ಕೊಡಿ.

ಎನ್‌ಸಿ (ನೋ ಕನೆಕ್ಟ್) ಮತ್ತು ಡಿಎನ್‌ಯು (ಡು ನಾಟ್ ಯೂಸ್) ಒಂದೇ ಅಲ್ಲ. ಎನ್‌ಸಿ ಎಂದರೆ ಒಳಗೆ ತಂತಿ ಇಲ್ಲ, ಸಾಮಾನ್ಯವಾಗಿ ಗ್ರೌಂಡ್ ಮಾಡಿದರೂ ಬಿಟ್ಟರೂ ನಡೆಯುತ್ತದೆ. ಡಿಎನ್‌ಯು ಎಂದರೆ ಒಳಗೆ ಏನೋ ಇದೆ, ನೀವು ಮುಟ್ಟಬೇಡಿ ಎಂದು. ಅದನ್ನು ಖಾಲಿ ಪ್ಯಾಡ್ ಮೇಲೆ ಕೂರಿಸಿ ಬಿಟ್ಟುಬಿಡಿ.

ಕಾಲಿಲ್ಲದ ಡಬ್ಲ್ಯೂಎಸ್‌ಒಎನ್ ಪ್ಯಾಕೇಜ್‌ನ ಹೊಟ್ಟೆಯಡಿ ಲೋಹದ ಪ್ಯಾಡ್ ಇರುತ್ತದೆ. ವಿನ್‌ಬಾಂಡ್‌ನದ್ದಾದರೆ ಗ್ರೌಂಡ್‌ಗೆ ಕೊಡಬಹುದು ಅಥವಾ ಹಾಗೇ ಬಿಡಬಹುದು. ಗ್ರೌಂಡ್ ಬಿಟ್ಟು ಬೇರೆ ವೋಲ್ಟೇಜ್‌ಗೆ ಮಾತ್ರ ಕೊಡಬೇಡಿ, ಅದರ ಕೆಳಗೆ ತೆರೆದ ವಯಾ (ಪಿಸಿಬಿಯ ಪದರ ಜೋಡಿಸುವ ತೂತು) ಇಡಬೇಡಿ.

ಕ್ಲಿಪ್ ಹಾಕಿ ಬರೆಯುವಾಗ

ಬೋರ್ಡ್ ಮೇಲಿನ ಫ್ಲ್ಯಾಶ್‌ಗೆ ಎಸ್‌ಒಐಸಿ ಕ್ಲಿಪ್ (ಚಿಪ್‌ನ ಕಾಲುಗಳನ್ನು ಹಿಡಿಯುವ ಕ್ಲಿಪ್) ಕಚ್ಚಿಸಿ ಫ್ಲ್ಯಾಶ್‌ರಾಮ್ ಎಂಬ ಸಾಫ್ಟ್‌ವೇರ್ ಓಡಿಸುವವರು ಡಬ್ಲ್ಯೂಪಿ, ಹೋಲ್ಡ್ ಎರಡೂ ಹೈ ಇವೆಯೇ ಎಂದು ಮೊದಲು ಅಳೆದು ನೋಡಬೇಕು. ಕೆಲವು ಅಗ್ಗದ ಪ್ರೋಗ್ರಾಮರ್‌ಗಳಲ್ಲಿ ಈ ಎರಡು ಪಿನ್ ನೇರ ವಿಸಿಸಿಗೆ ಸೇರಿರುತ್ತವೆ. ನಿಮ್ಮ ಬೋರ್ಡ್‌ನಲ್ಲಿ ಡಬ್ಲ್ಯೂಪಿ ನೇರ ಗ್ರೌಂಡ್ ಆಗಿದ್ದರೆ ಕ್ಲಿಪ್ ಕಚ್ಚಿಸಿದ ಕೂಡಲೇ ಪ್ರೋಗ್ರಾಮರ್‌ನ ಸಪ್ಲೈ ಶಾರ್ಟ್ ಆಗುತ್ತದೆ. ಬೋರ್ಡ್‌ನಲ್ಲಿ 10 ಕಿಲೋಓಮ್ ಮೂಲಕ ಗ್ರೌಂಡ್‌ಗೆ ಹೋಗಿದ್ದರೆ 0.33 ಮಿಲಿಆಂಪ್ ಹರಿಯುತ್ತದೆ, ಕೆಲಸ ಮುಂದುವರಿಯುತ್ತದೆ. ಬರೆದು ಮುಗಿದ ಮೇಲೆ ಕ್ಲಿಪ್ ತೆಗೆಯುವ ಮುಂಚೆ ಸ್ಟೇಟಸ್ ರಿಜಿಸ್ಟರ್ ಕೂಡ ಒಮ್ಮೆ ಓದಿ, ಬಿಪಿ, ಎಸ್‌ಆರ್‌ಪಿ, ಕ್ಯೂಇ ಮೂರೂ ನಿಮಗೆ ಬೇಕಾದ ಹಾಗೇ ಇವೆಯೇ ನೋಡಿಕೊಳ್ಳಿ.